ಮೊದಲ ಸೈಟು: ಟೋಕನ್ ಕೊಡುವ ಮುನ್ನ ಪತ್ರ ಓದಿ

ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಮೊದಲ ಬಾರಿಗೆ ಸೈಟಿಗೋ ಮನೆಗೋ ದುಡ್ಡು ಹಾಕಲು ಹೊರಟವರದು. ತುಮಕೂರಿನ ಸಿವಿಲ್ ನ್ಯಾಯಾಲಯಗಳಲ್ಲಿ ಆಸ್ತಿ ದಾವೆಗಳನ್ನೇ ನಡೆಸಿಕೊಂಡು ಬಂದವಳು ನಾನು. ಕೊಂಡಾದ ಮೇಲೆ ಕಡತ ಹಿಡಿದು ಬರುವವರನ್ನೇ ಹೆಚ್ಚಾಗಿ ನೋಡಿದ್ದೇನೆ. ಕೊಳ್ಳುವ ಮುನ್ನ ಕೇಳುವವರಿದ್ದಾರೆ ಎಂದರೆ ನಿಜಕ್ಕೂ ಸಂತೋಷವಾಗುತ್ತದೆ. ಮೊದಲ ಪತ್ರಕ್ಕೆ ದೀರ್ಘವಾಗಿಯೇ ಉತ್ತರಿಸಿದ್ದೇನೆ. ಉಳಿದವರ ಅರ್ಧ ಪ್ರಶ್ನೆಗಳಿಗೂ ಉತ್ತರ ಅಲ್ಲೇ ಇದೆ.

ಪ್ರಶ್ನೆ: ಮೇಡಂ, ನನಗೆ 29 ವರ್ಷ. ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸ, ಕೈಗೆ ಬರುವ ಸಂಬಳ 42 ಸಾವಿರ. ಒಂಬತ್ತು ಲಕ್ಷ ಉಳಿಸಿದ್ದೇನೆ. ಹತ್ತಿರದಲ್ಲೇ ಹೊಸ ಬಡಾವಣೆಯಲ್ಲಿ 30×40 ಸೈಟು, ಚದರಡಿಗೆ 1,500 ರೂಪಾಯಿಯಂತೆ 18 ಲಕ್ಷ ಹೇಳುತ್ತಿದ್ದಾರೆ. ಭಾನುವಾರದೊಳಗೆ ಒಂದು ಲಕ್ಷ ಟೋಕನ್ ಕೊಡದಿದ್ದರೆ ಚದರಡಿಗೆ 200 ರೂಪಾಯಿ ಏರುತ್ತದಂತೆ. ಡಿಸಿ ಕನ್ವರ್ಷನ್ ಆಗಿದೆ, ಪಂಚಾಯಿತಿ ಖಾತೆ ಇದೆ, ಬ್ಯಾಂಕಿನವರೂ ಸಾಲ ಕೊಡುತ್ತಾರೆ ಎನ್ನುತ್ತಾರೆ. ಐದು ವರ್ಷ ಇಟ್ಟುಕೊಂಡು ಮಾರುವ ಯೋಚನೆ. ಅಪ್ಪ ಬೇಡ ಎನ್ನುತ್ತಾರೆ, ಭಾವ ತಡ ಮಾಡಬೇಡ ಎನ್ನುತ್ತಾರೆ. ಏನು ಮಾಡಲಿ?
— ಓದುಗ, ಕೊರಟಗೆರೆ

ಉತ್ತರ: ಭಾನುವಾರ ಟೋಕನ್ ಕೊಡಬೇಡಿ. ಅದರ ಬದಲು ಪತ್ರಗಳ ಜೆರಾಕ್ಸ್ ಕೇಳಿ. ಟೋಕನ್ ಕೊಟ್ಟ ಮೇಲೆ ಪತ್ರ ಕೊಡುತ್ತೇವೆ ಎಂದರೆ ಅಲ್ಲಿಗೆ ಮಾತು ಮುಗಿಯಿತು, ಬೇರೆ ಕಡೆ ನೋಡಿ.

ಮೊದಲು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ಸಂಖ್ಯೆ ಕೇಳಿ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ 500 ಚದರ ಮೀಟರ್ ಮೀರಿದ ಜಮೀನಿನಲ್ಲಿ ಬಡಾವಣೆ ಮಾಡಿ ಮಾರುವವರು ನೋಂದಣಿ ಮಾಡಿಸಲೇಬೇಕು. ಒಂದು ಎಕರೆ ಎಂದರೆ ಸುಮಾರು 4,046 ಚದರ ಮೀಟರ್. ಆದ್ದರಿಂದ ನಿಮ್ಮ ಬಡಾವಣೆ ಎಷ್ಟೇ ಚಿಕ್ಕದಾಗಿದ್ದರೂ ತಪ್ಪಿಸಿಕೊಳ್ಳುವಂತಿಲ್ಲ. ನೋಂದಣಿಗೆ ಮುನ್ನ ಜಾಹೀರಾತು ಕೊಡುವುದು, ಬುಕಿಂಗ್ ತೆಗೆದುಕೊಳ್ಳುವುದು ಎರಡೂ ಕಾನೂನುಬಾಹಿರ. ನೋಂದಣಿ ಆಗಿದ್ದರೂ ಕ್ರಯದ ಕರಾರು ಪತ್ರ ನೋಂದಾಯಿಸುವ ತನಕ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ನಿಮ್ಮ ಸೈಟಿನ ಲೆಕ್ಕದಲ್ಲಿ ಅದು 1.8 ಲಕ್ಷ. ಸಂಖ್ಯೆ ಸಿಕ್ಕಿದರೆ ಕರ್ನಾಟಕ ರೇರಾ ಜಾಲತಾಣದಲ್ಲಿ ಹಾಕಿ ನೋಡಿ, ಬಡಾವಣೆಯ ನಕ್ಷೆ ಅಲ್ಲೇ ಸಿಗುತ್ತದೆ. ನಿಮಗೆ ತೋರಿಸಿದ ಸೈಟಿನ ನಂಬರ್ ಆ ನಕ್ಷೆಯಲ್ಲಿ ಸೈಟಾಗಿಯೇ ಇದೆಯೋ, ಉದ್ಯಾನಕ್ಕೆ ಬಿಟ್ಟ ಜಾಗದಲ್ಲಿದೆಯೋ ಹೋಲಿಸಿ.

ಅವರು ಹೇಳಿದ ಮೂರು ಮಾತುಗಳಿಗೆ ಬರೋಣ. ಡಿಸಿ ಕನ್ವರ್ಷನ್ ಎಂದರೆ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಂತೆ ಕೃಷಿ ಜಮೀನನ್ನು ಬೇರೆ ಉಪಯೋಗಕ್ಕೆ ಬದಲಿಸಲು ಸಿಕ್ಕ ಅನುಮತಿ, ಅಷ್ಟೇ. ಜಮೀನು ಯಾರದು ಎಂದು ಅದು ತೀರ್ಮಾನಿಸುವುದಿಲ್ಲ, ಬಡಾವಣೆಯ ನಕ್ಷೆಗೆ ಒಪ್ಪಿಗೆ ಸಿಕ್ಕಿದೆ ಎಂದೂ ಹೇಳುವುದಿಲ್ಲ. ನಕ್ಷೆಗೆ ಒಪ್ಪಿಗೆ ಕೊಡುವುದು ಯೋಜನಾ ಪ್ರಾಧಿಕಾರ. ಆ ಆದೇಶವನ್ನು ಬೇರೆಯಾಗಿ ಕೇಳಿ ಪಡೆಯಬೇಕು. ಸೈಟು ಬಿಡುಗಡೆಯ ಆದೇಶವನ್ನೂ ಕೇಳಿ. ರಸ್ತೆ, ಚರಂಡಿ, ವಿದ್ಯುತ್ ಕೆಲಸ ಮುಗಿದಂತೆಲ್ಲ ಪ್ರಾಧಿಕಾರ ಹಂತ ಹಂತವಾಗಿ ಸೈಟುಗಳನ್ನು ಬಿಡುಗಡೆ ಮಾಡುತ್ತದೆ. ನಿಮ್ಮ ಸೈಟಿನ ನಂಬರ್ ಆ ಪಟ್ಟಿಯಲ್ಲಿ ಇರಬೇಕು.

ಪಂಚಾಯಿತಿ ಖಾತೆ ಇರುವುದು ತೆರಿಗೆ ವಸೂಲಿಗೆ. ಖಾತೆ ಇದ್ದ ಮಾತ್ರಕ್ಕೆ ಮಾಲೀಕತ್ವ ಸಾಬೀತಾಗುವುದಿಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ಯಾವ ನಮೂನೆ ಬಂದಿದೆ ನೋಡಿ. ನಮೂನೆ 9 ಮತ್ತು 11ಎ ಕೊಟ್ಟರೆ ಮುಂದಿನ ದಾಖಲೆಗೆ ಹೋಗಿ. 11ಬಿ ಕೊಟ್ಟರೆ ಅದು ಕ್ರಮಬದ್ಧವಲ್ಲದ ಆಸ್ತಿಗಳ ವಹಿ. ಮೊದಲ ಹೂಡಿಕೆಗೆ ಖಂಡಿತ ಬೇಡ. ಇನ್ನು ಬ್ಯಾಂಕಿನ ಮಾತು. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಿತವನ್ನು. ನೀವು ಹಾಕುವ ಅಷ್ಟೂ ಹಣಕ್ಕೆ ಅವರು ಹೊಣೆಯಲ್ಲ.

ಈಗ ಮುಖ್ಯ ವಿಷಯ. ಸೈಟು ನಂಬರಿನ ಮೇಲೆ ಇಸಿ (ಆಸ್ತಿಯ ನೋಂದಾಯಿತ ವ್ಯವಹಾರ, ಋಣಭಾರ ತೋರಿಸುವ ಪತ್ರ) ತೆಗೆಸಿದರೆ ಬಡಾವಣೆಯಾದ ಮೇಲಿನ ವ್ಯವಹಾರ ಮಾತ್ರ ಕಾಣುತ್ತದೆ, ಅದೂ ಒಂದೋ ಎರಡೋ ಸಾಲು. ಜನ ಅದನ್ನು ನೋಡಿ ನಿಶ್ಚಿಂತರಾಗುತ್ತಾರೆ. ಅಡಮಾನ, ಹಳೆಯ ಕರಾರು, ವಿಭಾಗಪತ್ರ ಇವೆಲ್ಲ ಕೂತಿರುವುದು ಮೂಲ ಸರ್ವೆ ನಂಬರಿನ ಅಡಿಯಲ್ಲಿ. ಆದ್ದರಿಂದ ಇಸಿ ಎರಡು ಬೇಕು: ಸೈಟಿನದು ಒಂದು, ಸರ್ವೆ ನಂಬರಿನದು ಇನ್ನೊಂದು. ಇತ್ತೀಚಿನ ವರ್ಷಗಳದ್ದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ. ಹಳೆಯದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಿ. ನಾನು ಕನಿಷ್ಠ ಮೂವತ್ತು ವರ್ಷದ್ದನ್ನು ಓದದೆ ಅಭಿಪ್ರಾಯ ಬರೆದುಕೊಡುವುದಿಲ್ಲ.

ಬಳಿಕ ಕನ್ವರ್ಷನ್‌ಗೆ ಮುಂಚಿನ ಪಹಣಿ. 3ನೇ ಕಾಲಂನಲ್ಲಿ ವಿಸ್ತೀರ್ಣದ ಜೊತೆ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ ಎಷ್ಟಿದೆ ನೋಡಿ. 'ಬ' ಖರಾಬು ಎಂದರೆ ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ, ಅದನ್ನು ಸೈಟಾಗಿ ಮಾರುವಂತಿಲ್ಲ. 9ನೇ ಕಾಲಂನಲ್ಲಿ ಹೆಸರು, 10ರಲ್ಲಿ ಜಮೀನು ಅವರಿಗೆ ಹೇಗೆ ಬಂತು ಎಂಬುದು, 11ರಲ್ಲಿ ಸಾಲ ಮತ್ತು ಇತರ ಹಕ್ಕು. 10ನೇ ಕಾಲಂ ಅನ್ನು ಬೆರಳಿಟ್ಟು ಓದಿ. ಅಲ್ಲಿರುವ ಎಂ.ಆರ್. (ಮ್ಯುಟೇಷನ್, ಅಂದರೆ ಹಕ್ಕು ಬದಲಾವಣೆ ವಹಿಯ) ನಂಬರ್ ಹಿಡಿದು ಆ ಮ್ಯುಟೇಷನ್ ಪ್ರತಿ ತೆಗೆಸಿ. ಸರ್ಕಾರದ ಮಂಜೂರಾತಿಯಿಂದ ಬಂದ ಜಮೀನಾಗಿದ್ದು ಮೂಲ ಮಂಜೂರಾತಿದಾರರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯವಾಗುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಅಂಥ ಜಮೀನು ಎಷ್ಟು ಕೈ ಬದಲಾಗಿದ್ದರೂ ಆ ಕ್ರಯಗಳು ಅಸಿಂಧು. 2023ರ ತಿದ್ದುಪಡಿಯ ನಂತರ ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಬಡವರಿಗೆ ಕೊಟ್ಟ ಭೂಮಿ ಅವರ ಕೈ ತಪ್ಪಬಾರದೆಂದು ಬಂದ ಕಾನೂನು ಅದು, ನ್ಯಾಯವಾದದ್ದೇ. ಗೊತ್ತಿಲ್ಲದೆ ಕೊಂಡೆ ಎಂಬ ನೆಪ ಅಲ್ಲಿ ನಡೆಯುವುದಿಲ್ಲ.

ಆ ಮೇಲೆ ವಂಶವೃಕ್ಷ. ಒಂದು ಕಡತ ಈಗಲೂ ನನ್ನ ಮೇಜಿನ ಮೇಲಿದೆ. ಪಿತ್ರಾರ್ಜಿತ ಜಮೀನು. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಯಾಗಿ 9ನೇ ಕಾಲಂನಲ್ಲಿ ಇಬ್ಬರು ಅಣ್ಣತಮ್ಮಂದಿರ ಹೆಸರು ಬಂದಿತ್ತು. ಅದನ್ನೇ ನೋಡಿ ಬಡಾವಣೆಯವರು ಕೊಂಡರು, ಅವರಿಂದ ಸೈಟಿನವರು ಕೊಂಡರು. ಮ್ಯುಟೇಷನ್ ಕಡತದಲ್ಲಿದ್ದ ವಂಶವೃಕ್ಷದಲ್ಲಿ ಇಬ್ಬರು ಹೆಣ್ಣುಮಕ್ಕಳ ಹೆಸರೂ ಸ್ಪಷ್ಟವಾಗಿತ್ತು, ಪಕ್ಕದಲ್ಲಿ "ಮದುವೆಯಾಗಿದೆ" ಎಂಬ ಷರಾ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟಿದೆ. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. ಅಕ್ಕತಂಗಿಯರು ವಿಭಾಗ ದಾವೆ ಹೂಡಿದರು, ಸೈಟು ಕೊಂಡವರೆಲ್ಲ ಪ್ರತಿವಾದಿಗಳಾದರು. ಪಾಯ ತೆಗೆಸಿದ್ದ ಒಬ್ಬರ ಕೆಲಸ ತಡೆಯಾಜ್ಞೆಯಿಂದ ನಿಂತಿತು. ಕಂಬಿ ತುಕ್ಕು ಹಿಡಿಯುತ್ತಿದೆ, ಸಾಲದ ಕಂತು ತಿಂಗಳು ತಿಂಗಳು ಕಟ್ ಆಗುತ್ತಿದೆ. ಆ ಹೆಣ್ಣುಮಕ್ಕಳು ಕೇಳುತ್ತಿರುವುದು ತಮ್ಮ ಪಾಲನ್ನೇ. ಅವರಿಬ್ಬರ ಸಹಿ ಕ್ರಯಪತ್ರದಲ್ಲಿ ಇದ್ದಿದ್ದರೆ, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇದ್ದಿದ್ದರೆ ಇಷ್ಟು ಸಂಸಾರಗಳು ನ್ಯಾಯಾಲಯದ ಜಗಲಿ ಹತ್ತುತ್ತಿರಲಿಲ್ಲ.

ಇಲ್ಲಿಯೇ ನಿಮ್ಮ ತಂದೆ ಬೇಕು. ಅವರನ್ನು ಆ ಊರಿಗೆ ಕರೆದುಕೊಂಡು ಹೋಗಿ. ಜಮೀನು ಮೊದಲು ಯಾರದಾಗಿತ್ತು, ಆ ಮನೆಯ ಹೆಣ್ಣುಮಕ್ಕಳನ್ನು ಯಾವ ಊರಿಗೆ ಕೊಟ್ಟಿದ್ದಾರೆ, ಅಣ್ಣತಮ್ಮಂದಿರಲ್ಲಿ ಮಾತುಕತೆ ಇದೆಯೇ ಎಂದು ಹಿರಿಯರ ಜೊತೆ ಕೂತು ಮಾತಾಡಲಿ. ಆನ್‌ಲೈನಿನಲ್ಲಿ ಸಿಗದ ಸಂಗತಿ ಹಳ್ಳಿಯ ಕಟ್ಟೆಯ ಮೇಲೆ ಸಿಗುತ್ತದೆ. ಅದೇ ಹೆಸರುಗಳನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಡುಕಿ, ದಾವೆ ಇದ್ದರೆ ಗೊತ್ತಾಗುತ್ತದೆ. ದಾವೆ ನಡೆಯುತ್ತಿರುವಾಗ ಕೊಂಡವರು ತೀರ್ಪಿಗೆ ಬದ್ಧರು. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೆ ನಿಂತು ತೆರೆಯಿರಿ; ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಪತ್ರದಲ್ಲಿರುವ ನಂಬರಿಗೆ ಅದು ಹೊಂದಲೇಬೇಕು. ನಿಮ್ಮ ಭಾಗದಲ್ಲಿ ಇನ್ನೊಂದು ಪರಿಶೀಲನೆ ಅಗತ್ಯ: ಕೈಗಾರಿಕಾ ಪ್ರದೇಶ ಬೆಳೆಯುತ್ತಿರುವುದರಿಂದ ಆ ಸರ್ವೆ ನಂಬರಿಗೆ ಕೆಐಎಡಿಬಿಯ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಭೂಸ್ವಾಧೀನ ಅಧಿಸೂಚನೆ ಆಗಿದೆಯೇ ಎಂದು ವಿಚಾರಿಸಿ. ಕಾರ್ಖಾನೆ ಬರುತ್ತದೆ, ಮೆಟ್ರೋ ಬರುತ್ತದೆ ಎಂದು ಬೆಲೆ ಏರಿಸುವ ದಳ್ಳಾಳಿಗಳು ಈ ಮಾತು ತೆಗೆಯುವುದಿಲ್ಲ.

ಹಣದ ಲೆಕ್ಕ. ಗ್ರಾಮಾಂತರದಲ್ಲಿ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್, ಸರ್ಚಾರ್ಜ್ ಸೇರಿ 5.65. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 2 ಆಗಿದೆ. ಹದಿನೆಂಟು ಲಕ್ಷಕ್ಕೆ ಒಟ್ಟು 1,37,700 ರೂಪಾಯಿ. ಸರ್ಕಾರ ಆ ಪ್ರದೇಶಕ್ಕೆ ನಿಗದಿ ಮಾಡಿದ ಮಾರ್ಗಸೂಚಿ ಬೆಲೆ ಹದಿನೆಂಟು ಲಕ್ಷಕ್ಕಿಂತ ಹೆಚ್ಚಿದ್ದರೆ ಅದರ ಮೇಲೆ ಲೆಕ್ಕ. ಸಾಮಾನ್ಯವಾಗಿ ಈ ಖರ್ಚಿಗೆ ಬ್ಯಾಂಕ್ ಸಾಲ ಕೊಡುವುದಿಲ್ಲ. ನೀವು 12 ಲಕ್ಷ ಸಾಲ ಮಾಡಿದಿರಿ ಎನ್ನೋಣ. ಶೇ. 9ರ ಬಡ್ಡಿ, 15 ವರ್ಷ ಎಂದರೆ ಕಂತು ಸುಮಾರು 12,170. ಐದು ವರ್ಷದಲ್ಲಿ ಬಡ್ಡಿಯೊಂದೇ 4.9 ಲಕ್ಷ ಕಟ್ಟಿರುತ್ತೀರಿ. ಎಲ್ಲ ಕೂಡಿಸಿದರೆ ಸೈಟು 24.3 ಲಕ್ಷಕ್ಕೆ, ಅಂದರೆ ಚದರಡಿಗೆ ಎರಡು ಸಾವಿರ ದಾಟಿ ಮಾರಾಟವಾದಾಗ ನೀವು ಹಾಕಿದ ಹಣ ವಾಪಸು. ಲಾಭ ಶುರುವಾಗುವುದು ಅಲ್ಲಿಂದ ಆಚೆ, ಅದರ ಮೇಲೆ ಆದಾಯ ತೆರಿಗೆಯೂ ಇದೆ. ನಿಮ್ಮ ಒಂಬತ್ತು ಲಕ್ಷ ಬ್ಯಾಂಕಿನಲ್ಲಿದ್ದರೆ ಬರುತ್ತಿದ್ದ ಬಡ್ಡಿಯನ್ನು ನಾನು ಸೇರಿಸಿಲ್ಲ. ಖಾಲಿ ಸೈಟಿನಿಂದ ಈ ಐದು ವರ್ಷ ಬಾಡಿಗೆ ಬರುವುದಿಲ್ಲ, ಮನೆ ಕಟ್ಟದ ಹೊರತು ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿಯೂ ಇಲ್ಲ.

ಐದು ವರ್ಷದಲ್ಲಿ ಮಾರಿ ಲಾಭ ಮಾಡಬೇಕೆಂಬ ಗಡಿಬಿಡಿ ಇದ್ದರೆ ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಹತ್ತು ವರ್ಷ ಇಟ್ಟುಕೊಳ್ಳಬಲ್ಲೆ, ಬೇಕಾದರೆ ಅಲ್ಲೇ ಮನೆ ಕಟ್ಟಿಕೊಳ್ಳುತ್ತೇನೆ ಎನ್ನುವುದಾದರೆ, ಪತ್ರ ಸರಿ ಇದ್ದರೆ, ಒಳ್ಳೆಯ ಆರಂಭ. ಆಗಲೂ ಕೈಯಲ್ಲಿ ಆರು ತಿಂಗಳ ಕಂತಿನ ಹಣ ಉಳಿಸಿಕೊಳ್ಳಿ. ಪತ್ರದಲ್ಲಿ ಕಡಿಮೆ ಬೆಲೆ ತೋರಿಸಿ ಉಳಿದದ್ದು ನಗದು ಕೊಡಿ ಎಂದರೆ ಒಪ್ಪಬೇಡಿ. ಆಸ್ತಿ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ಅಥವಾ ಅದಕ್ಕೆ ಮೇಲ್ಪಟ್ಟು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಮುಂದೆ ವ್ಯವಹಾರ ಮುರಿದುಬಿದ್ದರೆ ಆ ನಗದಿಗೆ ನಿಮ್ಮ ಬಳಿ ಸಾಕ್ಷಿಯೇ ಇರುವುದಿಲ್ಲ.

ಪ್ರಶ್ನೆ: ನಾವು ದಂಪತಿ ಇಬ್ಬರೂ ಶಿಕ್ಷಕರು. ಬೆಂಗಳೂರಿನಲ್ಲಿ 60 ಲಕ್ಷದ ಫ್ಲ್ಯಾಟ್ ಕೊಂಡು ಬಾಡಿಗೆಗೆ ಬಿಟ್ಟರೆ ಕಂತು ಬಾಡಿಗೆಯಲ್ಲೇ ತೀರುತ್ತದೆ ಎಂದು ಪರಿಚಿತರು ಹೇಳುತ್ತಾರೆ. ತಿಂಗಳಿಗೆ 20 ಸಾವಿರ ಬಾಡಿಗೆ ಬರುತ್ತದಂತೆ.
— ಓದುಗರು, ಅರಸೀಕೆರೆ

ಉತ್ತರ: ತೀರುವುದಿಲ್ಲ. 40 ಲಕ್ಷ ಸಾಲಕ್ಕೆ ಶೇ. 8.5ರಂತೆ 20 ವರ್ಷದ ಕಂತು 34,700 ರೂಪಾಯಿ. ಬಾಡಿಗೆ ಇಪ್ಪತ್ತು ಸಾವಿರ ಬಂದರೂ ತಿಂಗಳಿಗೆ 14,700 ನಿಮ್ಮ ಸಂಬಳದಿಂದ ಹೋಗಬೇಕು. ವರ್ಷದ 2.4 ಲಕ್ಷ ಬಾಡಿಗೆ ಎಂದರೆ 60 ಲಕ್ಷಕ್ಕೆ ಶೇ. 4. ಬಾಡಿಗೆದಾರರು ಬದಲಾಗುವಾಗ ಖಾಲಿ ಬೀಳುವ ತಿಂಗಳು, ಸುಣ್ಣಬಣ್ಣ, ಆಸ್ತಿ ತೆರಿಗೆ ಕಳೆದರೆ ಮೂರರ ಆಸುಪಾಸಿಗೆ ಇಳಿಯುತ್ತದೆ. ಇಬ್ಬರ ಸಂಬಳದಲ್ಲಿ ಈ ವ್ಯತ್ಯಾಸ ತಡೆದುಕೊಳ್ಳಬಹುದು, ನಿವೃತ್ತಿಯ ವೇಳೆಗೆ ಮನೆ ನಮ್ಮದಾಗಿರಲಿ ಎಂಬ ಲೆಕ್ಕದಲ್ಲಿ ಕೊಳ್ಳುವುದಾದರೆ ತಪ್ಪಿಲ್ಲ.

ಫ್ಲ್ಯಾಟಿನಲ್ಲಿ ನೋಡಬೇಕಾದದ್ದು ಬೇರೆ. ಬೆಲೆಯನ್ನು ಕಾರ್ಪೆಟ್ ವಿಸ್ತೀರ್ಣದ, ಅಂದರೆ ಮನೆಯೊಳಗೆ ಬಳಕೆಗೆ ಸಿಗುವ ಜಾಗದ ಮೇಲೆ ಭಾಗಿಸಿ ನೋಡಿ. ರೇರಾ ಕಾಯ್ದೆ ಒಪ್ಪುವ ಅಳತೆ ಅದೇ. ಭೂಮಿಯಲ್ಲಿ ನಿಮಗೆ ಬರುವ ಅವಿಭಾಜ್ಯ ಪಾಲು ಎಷ್ಟು ಚದರಡಿ ಎಂದು ಕ್ರಯಪತ್ರದಲ್ಲಿ ಇರಬೇಕು. ಕಟ್ಟಿ ಮುಗಿದ ಕಟ್ಟಡವಾದರೆ ಓಸಿ (ವಾಸಯೋಗ್ಯ ಪ್ರಮಾಣಪತ್ರ) ಕೇಳಿ, ಇಲ್ಲದಿದ್ದರೆ ಎಷ್ಟೇ ಚೆನ್ನಾಗಿದ್ದರೂ ಬಿಡಿ. ಮಂಜೂರಾದ ನಕ್ಷೆಯನ್ನು ಮೀರಿ ಮಹಡಿ ಏರಿಸಿದ ಕಟ್ಟಡಗಳಿಗೇ ಹೆಚ್ಚಾಗಿ ಓಸಿ ಇರುವುದಿಲ್ಲ. ಸ್ವಾಧೀನ ಪಡೆದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕೆಂಬ ನಿಯಮವಿದೆ. ಅದನ್ನು ಬಳಸಿಕೊಳ್ಳುವವರು ಕಡಿಮೆ, ನೀವು ಬಳಸಿಕೊಳ್ಳಿ.

ಪ್ರಶ್ನೆ: ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಎರಡು ಲಕ್ಷ ಇದೆ. ತಿಂಗಳಿಗೆ ಐದು ಸಾವಿರ ಕಟ್ಟಿದರೆ ಐದು ವರ್ಷಕ್ಕೆ ಸೈಟು ಎಂಬ ಸ್ಕೀಮಿಗೆ ನಮ್ಮ ಬೀದಿಯ ಹೆಂಗಸರೆಲ್ಲ ಸೇರುತ್ತಿದ್ದಾರೆ. ನಾನೂ ಸೇರಲೇ?
— ಓದುಗಿ, ಹರಿಹರ

ಉತ್ತರ: ಅಮ್ಮಾ, ಸೇರಬೇಡಿ. ಸ್ಕೀಮಿನವರನ್ನು ಒಂದೇ ಮಾತು ಕೇಳಿ: ಯಾವ ಊರು, ಯಾವ ಸರ್ವೆ ನಂಬರ್, ಪಹಣಿ ಯಾರ ಹೆಸರಿನಲ್ಲಿದೆ? ಹೆಚ್ಚಿನ ಕಡೆ ಇದಕ್ಕೆ ಉತ್ತರ ಇರುವುದಿಲ್ಲ, ಏಕೆಂದರೆ ಜಮೀನು ಇನ್ನೂ ಕೊಂಡಿರುವುದಿಲ್ಲ. ನಿಮ್ಮ ಕಂತಿನ ಹಣದಲ್ಲೇ ಕೊಳ್ಳುವ ಆಲೋಚನೆ. ಕೈಗೆ ಬರುವುದು ಒಂದು ಕಾರ್ಡು, ತಿಂಗಳು ತಿಂಗಳು ಅದರ ಮೇಲೆ ಒಂದು ಸೀಲು. ಆ ಕಾರ್ಡಿನಿಂದ ಯಾವ ಭೂಮಿಯ ಮೇಲೂ ನಿಮಗೆ ಹಕ್ಕು ಹುಟ್ಟುವುದಿಲ್ಲ. ಅನುಮತಿಯಿಲ್ಲದ ಠೇವಣಿ ಯೋಜನೆಗಳನ್ನು ನಿಷೇಧಿಸಿ 2019ರಲ್ಲೇ ಕೇಂದ್ರ ಕಾಯ್ದೆ ಬಂದಿದೆ. ಬೀದಿಯ ಹೆಂಗಸರಿಗೂ ಈ ಪುಟ ತೋರಿಸಿ, ಎಲ್ಲರೂ ಒಟ್ಟಿಗೆ ಹೋಗಿ ಕೇಳಿ. ಒಬ್ಬರು ಕೇಳಿದರೆ ಗದರಿಸಿ ಕಳಿಸುತ್ತಾರೆ, ಹತ್ತು ಜನ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.

ಎರಡು ಲಕ್ಷದಲ್ಲಿ ಒಂದು ಲಕ್ಷ ಬ್ಯಾಂಕಿನಲ್ಲೇ ಇರಲಿ, ಅಂಗಡಿಗೆ ಯಾವಾಗ ಬೇಕಾಗುತ್ತದೋ ತಿಳಿಯದು. ಕಟ್ಟಡಗಳಲ್ಲೇ ಹಣ ತೊಡಗಿಸಬೇಕೆಂಬ ಆಸೆ ಇದ್ದರೆ ರೀಟ್ ಎಂಬುದಿದೆ. ದೊಡ್ಡ ದೊಡ್ಡ ಕಚೇರಿ ಕಟ್ಟಡಗಳ ಮಾಲೀಕತ್ವವನ್ನು ಚಿಕ್ಕ ಯೂನಿಟ್‌ಗಳಾಗಿ ಷೇರುಪೇಟೆಯಲ್ಲಿ ಮಾರುತ್ತಾರೆ. ಷೇರುಪೇಟೆಯ ಮೇಲ್ವಿಚಾರಣೆ ಮಾಡುವ ಸೆಬಿಯ ನಿಯಂತ್ರಣ ಇದೆ. ದೇಶದ ಮೊದಲ ರೀಟ್ ಬೆಂಗಳೂರು ಮೂಲದ ಎಂಬೆಸಿಯದು, 2019ರ ಏಪ್ರಿಲ್‌ನಲ್ಲಿ ಪೇಟೆಗೆ ಬಂತು. ಹಂಚಬಹುದಾದ ನಗದಿನಲ್ಲಿ ಶೇ. 90ರಷ್ಟನ್ನು ಯೂನಿಟ್ ಇರುವವರಿಗೆ ಹಂಚಲೇಬೇಕು. ಒಂದು ಯೂನಿಟ್ ಕೂಡ ಕೊಳ್ಳಬಹುದು, ಬೇಕೆಂದಾಗ ಮಾರಬಹುದು. ಬೆಲೆ ಏರುತ್ತದೆ, ಇಳಿಯುತ್ತದೆ, ಅದಕ್ಕೆ ಸಿದ್ಧರಿರಬೇಕು. ಯೂನಿಟ್‌ಗಳನ್ನು ಇಟ್ಟುಕೊಳ್ಳಲು ಡಿಮ್ಯಾಟ್ ಖಾತೆ ಬೇಕು. ನಿಮ್ಮ ಬ್ಯಾಂಕಿನಲ್ಲೇ ವಿಚಾರಿಸಿ.

ಪ್ರಶ್ನೆ: ನಾಲ್ವರು ಗೆಳೆಯರು ಸೇರಿ ಎರಡು ಎಕರೆ ಕೃಷಿ ಜಮೀನು ಕೊಳ್ಳಬಹುದೇ? ನಾವ್ಯಾರೂ ರೈತರಲ್ಲ.
— ಓದುಗ, ದಾವಣಗೆರೆ

ಉತ್ತರ: ಕೊಳ್ಳಬಹುದು. ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರಿಗೂ ಅವಕಾಶವಿದೆ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ ನೋಂದಣಿಗೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಗೆಳೆತನವನ್ನು ನಂಬಿ ಪತ್ರ ಬರೆಸುವುದನ್ನು ಬಿಡಬೇಡಿ. ನಾಲ್ವರ ಹೆಸರೂ ಪಾಲೂ ಕ್ರಯಪತ್ರದಲ್ಲೇ ಬರಲಿ. ಒಬ್ಬರು ಹೊರಬರಬೇಕೆಂದರೆ ಯಾವ ಬೆಲೆಗೆ, ಯಾರಿಗೆ ಮೊದಲ ಅವಕಾಶ ಎಂದು ಬೇರೆ ಒಪ್ಪಂದ ಮಾಡಿಕೊಳ್ಳಿ. ಒಬ್ಬರು ತೀರಿಕೊಂಡರೆ ಅವರ ಹೆಂಡತಿ ಮಕ್ಕಳ ಜೊತೆ ನೀವು ವ್ಯವಹರಿಸಬೇಕಾಗುತ್ತದೆ. ಅವರಿಗೂ ಈಗಲೇ ವಿಷಯ ತಿಳಿದಿರಲಿ. ಕನ್ವರ್ಷನ್ ಇಲ್ಲದೆ ಅದನ್ನು ತುಂಡು ಮಾಡಿ ರೆವಿನ್ಯೂ ಸೈಟುಗಳಾಗಿ ಮಾರುವ ಯೋಚನೆ ಇದ್ದರೆ ನಾನು ಸಲಹೆ ಕೊಡಲಾರೆ. ಅಂಥ ಸೈಟು ಕೊಂಡು ನನ್ನ ಬಳಿಗೆ ಬಂದವರಲ್ಲಿ ಹೆಚ್ಚಿನವರು ದಿನಗೂಲಿ ಮಾಡುವವರು.

ಪ್ರಶ್ನೆ: ದುಬೈನಲ್ಲಿದ್ದೇನೆ. ಊರ ಹತ್ತಿರ ಅಡಿಕೆ ತೋಟವೋ ಸೈಟೋ ತೆಗೆದುಕೊಳ್ಳಬೇಕು. ಬರಲು ರಜೆ ಇಲ್ಲ, ತಮ್ಮನ ಹೆಸರಿಗೆ ಅಧಿಕಾರ ಪತ್ರ ಕೊಟ್ಟರೆ ಸಾಕೇ?
— ಓದುಗ, ಕುಂದಾಪುರ ಮೂಲ

ಉತ್ತರ: ತೋಟ ಆಗುವುದಿಲ್ಲ. ಅನಿವಾಸಿ ಭಾರತೀಯರು ಮನೆ, ಸೈಟು, ವಾಣಿಜ್ಯ ಕಟ್ಟಡ ಕೊಳ್ಳಬಹುದು. ಕೃಷಿ ಭೂಮಿ, ತೋಟ, ಫಾರ್ಮ್ ಹೌಸ್ ಕೊಳ್ಳಲು ವಿದೇಶಿ ವಿನಿಮಯ ನಿಯಮ ಬಿಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಅಡ್ಡಿಯಿಲ್ಲ. ತಮ್ಮನ ಹೆಸರಿನಲ್ಲಿ ತೋಟ ಕೊಂಡು ನನ್ನದೆಂದು ಇಟ್ಟುಕೊಳ್ಳೋಣ ಎಂದುಕೊಳ್ಳಬೇಡಿ, ಅದು ಬೇನಾಮಿ ಕಾಯ್ದೆಯ ಕೆಳಗೆ ಬರಬಹುದು. ಹಣ ಅನಿವಾಸಿಗಳಿಗೆಂದೇ ಇರುವ ನಿಮ್ಮ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಬ್ಯಾಂಕ್ ಖಾತೆಯಿಂದ ನೇರ ಮಾರುವವರ ಖಾತೆಗೆ ಹೋಗಲಿ.

ಸೈಟಿಗೆ ಅಧಿಕಾರ ಪತ್ರ ಸಾಕು. ಅದಕ್ಕೆ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಸಹಿ ಮಾಡಿ ದೃಢೀಕರಿಸಿ ಕಳಿಸಿ; ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಮಾರುವವರೂ ಅಧಿಕಾರ ಪತ್ರದವರೇ ಆಗಿದ್ದರೆ ಎಚ್ಚರ. ಬರೀ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮತ್ತು ಕರಾರಿನಿಂದ ಮಾಲೀಕತ್ವ ವರ್ಗಾವಣೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದ್ದರಿಂದ ನೋಂದಾಯಿತ ಕ್ರಯಪತ್ರವೇ ಬೇಕು, ಮೂಲ ಮಾಲೀಕರು ಬದುಕಿದ್ದಾರೆಯೇ ಎಂದು ತಮ್ಮ ಖುದ್ದಾಗಿ ಹೋಗಿ ನೋಡಿ ಬರಲಿ. ಅವರು ತೀರಿಕೊಂಡಿದ್ದರೆ ಸಾಮಾನ್ಯವಾಗಿ ಆ ಅಧಿಕಾರ ಪತ್ರಕ್ಕೆ ಬೆಲೆಯಿಲ್ಲ. ತಮ್ಮನಿಗೆ ಕೊಡುವ ಪತ್ರದಲ್ಲಿ ನಿರ್ದಿಷ್ಟ ಸೈಟಿನ ನಂಬರ್ ಮತ್ತು ಚೆಕ್ಕುಬಂದಿ ಬರೆಯಿಸಿ. ಖರೀದಿ, ನೋಂದಣಿ, ಖಾತೆ ಬದಲಾವಣೆ, ತೆರಿಗೆ ಕಟ್ಟುವುದು ಇಷ್ಟಕ್ಕೆ ಅಧಿಕಾರ ಕೊಡಿ. ಮಾರುವ, ಅಡವಿಡುವ ಅಧಿಕಾರ ಅದರಲ್ಲಿ ಸೇರಿಸಬೇಡಿ.